ಮೇಷ್ಟ್ರ ಕೋಟಿನ ಬೆನ್ನುಪಟ್ಟಿ

ಬ್ಯಾಂಡ್ ಮೇಷ್ಟ್ರು ಹಿಂದುಹಿಂದಕ್ಕೆ ನಡೆಯುತ್ತಾರೆ ಅನ್ನುವುದನ್ನು ನೀವು ಗಮನಿಸಿದ್ದೀರೋ ಇಲ್ಲವೋ ಗೊತ್ತಿಲ್ಲ. ಮದುವೆ ಮೆರವಣಿಗೆಯಲ್ಲಿ ಎಲ್ಲರ ಕಣ್ಣೂ ಹೆಣ್ಣುಗಂಡಿನ ಮೇಲಿರುತ್ತದೆ, ಇಲ್ಲದಿದ್ದರೆ ಕುಡಿದು ಕುಣಿಯುತ್ತಿರುವ ಯಾವನೋ ಭಾವಮೈದುನನ ಮೇಲಿರುತ್ತದೆ. ಮುಂದಿನ ಸಲ ಹೋದಾಗ ನೋಡಿ. ವಾದ್ಯದವರೆಲ್ಲ ಮುಂದಕ್ಕೆ ನಡೆಯುತ್ತಿರುತ್ತಾರೆ. ಅವರೆದುರಿಗೆ ಒಬ್ಬರು ಕ್ಲಾರಿನೆಟ್ ಬಾಯಲ್ಲಿಟ್ಟುಕೊಂಡು, ತಮ್ಮ ಹುಡುಗರ ಮುಖ ನೋಡುತ್ತಾ, ಬೆನ್ನನ್ನು ರಸ್ತೆಗೆ ಕೊಟ್ಟು ಹೆಜ್ಜೆ ಹಾಕುತ್ತಿರುತ್ತಾರೆ. ಅವರು ಹುಬ್ಬು ಎತ್ತಿದರೆ ಡ್ರಮ್ಮು ಏರಬೇಕು, ಮೊಣಕೈ ಇಳಿಸಿದರೆ ಟ್ರಂಪೆಟ್ಟು ಇಳಿಯಬೇಕು. ರಸ್ತೆ ಮಾತ್ರ ಅವರಿಗೆ ಕಾಣುವುದಿಲ್ಲ. ಗುಂಡಿ, ಹಂಪು, ಎಮ್ಮೆ, ಬಸ್ಸು, ಯಾವುದೂ ಕಾಣುವುದಿಲ್ಲ.

ಬೇರೆಯವರಿಗೆ ಅದು ಚೆಂದ. ನನಗೆ ಆ ನಡಿಗೆ ಕಂಡರೆ ಭಯ. ಯಾಕೆಂದರೆ ಈಗ ಹಾಗೆ ನಡೆಯುತ್ತಿರುವುದು ನಮ್ಮನೆಯವರು.

ನಾನು ಭಾರತೀನಗರದಲ್ಲಿ ಬಟ್ಟೆ ಹೊಲಿಯುವವಳು. ಬ್ಲೌಸು, ಲಂಗ, ಸ್ಕೂಲಿನ ಯೂನಿಫಾರಂ, ಅದರ ಜೊತೆಗೆ ನಮ್ಮವರ ಬ್ಯಾಂಡಿನ ಕೆಂಪು ಕೋಟುಗಳು. ನಮ್ಮನೆಯವರು ಹಗಲು ಕಾಲೇಜಿನಲ್ಲಿ ಅಟೆಂಡರು, ಮುಹೂರ್ತವಿದ್ದ ದಿನ ಸಂಜೆ ಬ್ಯಾಂಡಿನಲ್ಲಿ ಎರಡನೇ ಕ್ಲಾರಿನೆಟ್ಟು. ವಾದ್ಯದವರ ಕೋಟನ್ನೆಲ್ಲ ನಾನೇ ಹೊಲಿದಿದ್ದೇನೆ. ಮೇಷ್ಟ್ರ ಕೋಟು ಮಾತ್ರ ಹೊಲಿದಿಲ್ಲ. ಅದು ಇರುವುದು ಒಂದೇ. ಹೊಸದು ಹೊಲಿಸುವ ಪದ್ಧತಿಯೇ ಇಲ್ಲ. ಒಬ್ಬ ಮೇಷ್ಟ್ರು ಹೋದರೆ ಅವರ ಕೋಟನ್ನೇ ಮುಂದಿನವರು ತೊಡಬೇಕು. ಹೊಲಿಗೆ ಬಿಚ್ಚಿ ಹೊಸ ಮೈಗೆ ಹೊಂದಿಸಿಕೊಡುವುದಷ್ಟೇ ನನ್ನ ಕೆಲಸ.

ಆ ಕೋಟಿನ ಬೆನ್ನಿಗೆ, ಸೊಂಟಕ್ಕಿಂತ ತುಸು ಮೇಲೆ, ಅಡ್ಡಲಾಗಿ ಒಂದು ದಪ್ಪನೆಯ ಪಟ್ಟಿ ಇದೆ. ನೋಡಿದವರು ಅಲಂಕಾರ ಅಂದುಕೊಳ್ಳುತ್ತಾರೆ. ಅಲ್ಲ. ಮೇಷ್ಟ್ರ ಬೆನ್ನ ಹಿಂದೆ ಒಬ್ಬ ರಸ್ತೆಯ ಕಡೆ ಮುಖ ಮಾಡಿಕೊಂಡು, ಒಂದು ಕೈ ಹಿಂದಕ್ಕೆ ಚಾಚಿ ಆ ಪಟ್ಟಿ ಹಿಡಿದು ನಡೆಯುತ್ತಾನೆ. ಅವನು ಯಾವ ಕಡೆ ಎಳೆದರೆ ಮೇಷ್ಟ್ರು ಆ ಕಡೆ ಸರಿಯಬೇಕು. ಕೆಳಕ್ಕೆ ಜಗ್ಗಿದರೆ ಹಂಪು ಬಂತು, ಕಾಲೆತ್ತಬೇಕು. ಬೆನ್ನಿಗೆ ಒತ್ತಿ ಹಿಡಿದರೆ ನಿಲ್ಲಬೇಕು. ಮೇಷ್ಟ್ರ ಕಣ್ಣು ಹಾಡಿನಲ್ಲಿದ್ದರೆ ಜೀವ ಆ ಪಟ್ಟಿಯಲ್ಲಿರುತ್ತದೆ.

ಇಷ್ಟು ತಿಳಿದಿರಲಿ. ಈಗ ಹೋದವರ ವಿಷಯ.

ಮೊದಲನೆಯವರು ಮಂಡ್ಯದವರು. ಎಲ್ಲರೂ ದೊಡ್ಡ ಮೇಷ್ಟ್ರು ಅನ್ನುತ್ತಿದ್ದರು. ದೊಡ್ಡವರು ಅಂದರೆ ಮೈಯಲ್ಲಲ್ಲ. ಗಾಳಿಗೆ ಹಾರಿಹೋಗುವ ಹಾಗಿದ್ದರು. ಅಷ್ಟು ಸಣ್ಣ ಎದೆಯಿಂದ ಅಷ್ಟುದ್ದದ ಉಸಿರು ಎಲ್ಲಿಂದ ಬರುತ್ತಿತ್ತೋ! ಪೇಟೆ ಬೀದಿಯಲ್ಲಿ ಅವರು ನುಡಿಸಿಕೊಂಡು ಬಂದರೆ ಸಕ್ಕರೆ ಕಾರ್ಖಾನೆಯಿಂದ ಪಾಳಿ ಮುಗಿಸಿ ಬರುತ್ತಿದ್ದವರು ಸೈಕಲ್ ಇಳಿದು ತಳ್ಳಿಕೊಂಡು ಜೊತೆಗೆ ನಡೆಯುತ್ತಿದ್ದರಂತೆ. ನನ್ನ ಮದುವೆಗೂ ಅವರೇ. ನನ್ನನ್ನು ಗಾಡಿ ಹತ್ತಿಸುವಾಗ ಡ್ರಮ್ಮು ನಿಲ್ಲಿಸಿ ಒಬ್ಬರೇ ನುಡಿಸಿದರು. ಅಲ್ಲಿಯವರೆಗೆ ಗಟ್ಟಿಯಾಗಿ ನಿಂತಿದ್ದ ನಮ್ಮವ್ವ ಅಲ್ಲೇ ಕುಸಿದು ಕೂತಳು. ಅಳಿಸುವುದಕ್ಕೆಂದೇ ನುಡಿಸಿದರು ಅಂತ ನನಗೆ ಬಹಳ ದಿನ ಸಿಟ್ಟಿತ್ತು.

ದೊಡ್ಡ ಮೇಷ್ಟ್ರು ಕೊರೋನಾದಲ್ಲಿ ಹೋದರು. ಆ ದಿನಗಳು ನಿಮಗೂ ನೆನಪಿವೆಯಲ್ಲ? ಪ್ಲಾಸ್ಟಿಕ್ ತೊಟ್ಟ ಇಬ್ಬರು ಬಂದರು, ತೆಗೆದುಕೊಂಡು ಹೋದರು. ಊರಿನ ಅರ್ಧ ಮದುವೆಗಳಿಗೆ ಊದಿದ ಮನುಷ್ಯನ ಮುಂದೆ ಒಂದು ತಮಟೆಯೂ ಇಲ್ಲ. ಅವತ್ತು ನಮ್ಮನೆಯವರು ಮಂಚದ ಮೇಲೆ ಕೂತು ಕ್ಲಾರಿನೆಟ್ ಜೋಡಿಸಿ ಬಾಯಿಗಿಟ್ಟುಕೊಂಡರು. ಊದಲಿಲ್ಲ. ಬೆರಳು ಮಾತ್ರ ಆಡಿಸಿದರು. ಪೂರ್ತಿ ಹಾಡು, ಶಬ್ದವಿಲ್ಲದೆ. ಕ್ಲಾರಿನೆಟ್ಟಿನ ಗುಂಡಿಗಳ ಆ ಟಪ್ ಟಪ್ ಸದ್ದು ಮುಗಿಯುವವರೆಗೂ ಅಡುಗೆಮನೆಯಲ್ಲಿ ನಾನು ಒಲೆ ಹಚ್ಚಲಿಲ್ಲ.

ಅದರಿಂದ ಒಂದು ಶಾಸ್ತ್ರವೂ ತಪ್ಪಿತು. ಇವರಲ್ಲಿ ಅದಕ್ಕೆ ಬೆನ್ನು ಕೊಡೋದು ಅನ್ನುತ್ತಾರೆ. ಮೇಷ್ಟ್ರು ಸತ್ತಾಗ ಅವರ ಕೋಟು ತೊಟ್ಟ ಹೊಸ ಮೇಷ್ಟ್ರು, ಮನೆಯಿಂದ ಗುಂಡಿಯವರೆಗೆ ಹೆಣದ ಮುಂದೆ ಹಿಂದುಹಿಂದಕ್ಕೆ ನಡೆಯುತ್ತಾ ನುಡಿಸಬೇಕು. ಮುಖ ಸತ್ತವರ ಕಡೆಗೇ ಇರಬೇಕು, ತಿರುಗಿಸುವ ಹಾಗಿಲ್ಲ. ಆಮೇಲೆಯೇ ಕೋಟು ಅವರದಾಗುವುದು. ದೊಡ್ಡ ಮೇಷ್ಟ್ರಿಗೆ ಯಾರೂ ಬೆನ್ನು ಕೊಡಲಾಗಲಿಲ್ಲ. ಲಾಕ್‌ಡೌನ್ ತೆಗೆದ ಮೇಲೆ ಅವರ ಶಿಷ್ಯರಲ್ಲಿ ಪೂರಿಗಾಲಿಯವರೊಬ್ಬರು ಹೋಗಿ ಕೋಟನ್ನು ಕವರಿನಲ್ಲಿ ತಂದರು. “ಬೆನ್ ಕೊಡ್ದೆ ಕೋಟ್ ತಗಂಡ್ರೆ ಒಳ್ಳೇದಲ್ಲ ಕಣ್ರಲಾ” ಎಂದು ತಂಡದ ಹಿರಿಯರೊಬ್ಬರು ಅಂದರಂತೆ. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೆ ಕಿವಿಗೆ ಬಿದ್ದ ಮಾತನ್ನು ತೆಗೆದು ಬಿಸಾಡುವುದು ಹೇಗೆ?

ಆ ಕೋಟು ಹಿಡಿದು ನನ್ನ ಅಂಗಡಿಗೆ ಬಂದ ಪೂರಿಗಾಲಿ ಮೇಷ್ಟ್ರು ಮೈಯಲ್ಲೂ ದೊಡ್ಡವರು. ಕೋಟಿನೊಳಗೆ ಒಂದು ತೋಳು ತೂರಿಸಿ ನಿಂತರು.

“ಏನವ್ವಾ, ಇದ್ ಕೋಟಾ, ಬಾಳೆದಿಂಡಿನ್ ಸಿಪ್ಪೆನಾ? ನಾನೊಳೀಕ್ ಓಗೋದೆಂಗೆ?”

“ಕೋಟ್ನ ದೊಡ್ಡದ್ ಮಾಡ್ಬೋದು ಮೇಷ್ಟ್ರೇ. ನಿಮ್ಮೊಟ್ಟೆ ಸಣ್ಣ ಮಾಡೋಕೆ ನನ್ ಮಿಸಿನ್ನಲ್ ಆಗಕ್ಕಿಲ್ಲ.”

“ನಿನ್ ಗಂಡುನ್ನ ನೋಡು, ಕಡ್ಡಿ. ಊದ್ದೇಟ್ಗೆ ಅವ್ನೇ ಕ್ಲಾರಿನೆಟ್ ಒಳೀಕ್ ಒಂಟೋಯ್ತಾನೆ. ಮುದ್ದೆ ಆಕೋದ್ ಕಲ್ತ್ಕ.”

ಅಂದವರು ಅಲ್ಲೇ ಕೂತು ನಮ್ಮ ಮನೆಯ ಮುದ್ದೆ, ಅವರೆಕಾಳಿನ ಸಾರು ಉಂಡೇ ಎದ್ದರು. ಕೋಟಿನ ಎರಡೂ ಪಕ್ಕ ಬಿಚ್ಚಿ ಹೊಸ ಬಟ್ಟೆ ಸೇರಿಸಿಕೊಟ್ಟೆ. ಸೇರಿಸಿದ ಕೆಂಪು ಸ್ವಲ್ಪ ಬೇರೆಯಾಗಿ ಕಾಣುತ್ತಿತ್ತು. “ಇರ್ಲಿ ಬುಡು, ಬೆಳ್ದಿವ್ನಿ ಅಂತ ಜನುಕ್ ಗೊತ್ತಾಯ್ತದೆ” ಅಂದರು.

ಮಳವಳ್ಳಿ ಕಡೆ ಅವರನ್ನು ಕಂಡರೆ ಜನರಿಗೆ ಹುಚ್ಚು. ಅವರು ಯಾವತ್ತು ಬಿಡುವಾಗಿದ್ದಾರೆ ಅಂತ ಕೇಳಿಕೊಂಡು ಆಮೇಲೆ ಐನೋರ ಹತ್ತಿರ ಮುಹೂರ್ತ ಇಡಿಸುತ್ತಿದ್ದ ಮನೆಗಳಿದ್ದವು. ಜನ ಕುಣಿದದ್ದೇ ಕುಣಿದದ್ದು. ಆದರೆ ನನಗೆ ಅವರ ಬಗ್ಗೆ ಮರ್ಯಾದೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಒಮ್ಮೆ ನಮ್ಮ ಬೀದಿಯಲ್ಲೇ ಮೆರವಣಿಗೆ ಬರುತ್ತಿತ್ತು. ಎದುರು ಮನೆಯ ಅಜ್ಜಿ ಹಾಸಿಗೆ ಹಿಡಿದಿದ್ದರು. ಆ ಮನೆ ಬರುತ್ತಿದ್ದ ಹಾಗೆ ಮೇಷ್ಟ್ರು ಅಂಗೈ ಕೆಳಗಿಳಿಸಿದರು. ಡ್ರಮ್ಮು ನಿಂತಿತು, ಜೋಡಿತಾಳ ನಿಂತಿತು. ಬರೀ ಕ್ಲಾರಿನೆಟ್ಟು, ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ, ಆ ಮನೆ ದಾಟುವವರೆಗೆ. ಕುಣಿಯುತ್ತಿದ್ದ ಹುಡುಗರೂ ತುದಿಗಾಲಲ್ಲಿ ನಡೆದರು. ದಾಟಿದ ಮೇಲೆ ಮತ್ತೆ ಭೂಮಿ ಅದುರುವ ಹಾಗೆ ಎತ್ತಿಕೊಂಡರು. ಅಜ್ಜಿಯ ಕಾಯಿಲೆ ಅವರಿಗೆ ಯಾರು ಹೇಳಿದ್ದರೋ!

ಇಂಥವರನ್ನು ಈ ಸಲದ ಕಬ್ಬಿನ ಕಟಾವು ತೆಗೆದುಕೊಂಡುಹೋಯಿತು.

ಕಬ್ಬು ಅರೆಯುವ ಕಾಲದಲ್ಲಿ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಗೊತ್ತಲ್ಲ. ಕಾರ್ಖಾನೆಯ ಸರತಿಗೆ ಕಾಯುವ ಟ್ರ್ಯಾಕ್ಟರುಗಳು, ಒಂದಕ್ಕೆ ಎರಡು ಟ್ರೈಲರು, ಹಿಂದೆ ಒಂದು ದೀಪವಿಲ್ಲ. ಮದ್ದೂರಿನ ಹತ್ತಿರ ಒಂದು ಮದುವೆ, ಮುಸ್ಸಂಜೆ ಮೆರವಣಿಗೆ. ಪಟ್ಟಿ ಹಿಡಿದು ನಡೆಯುತ್ತಿದ್ದವನನ್ನು ಹೆಣ್ಣಿನ ಸೋದರಮಾವಂದಿರು ಕುಣಿಯಲು ಎಳೆದರು. ಅವನು ಬೇಡ ಬೇಡ ಅಂದಿದ್ದಾನೆ. ಎಳೆದೇ ಎಳೆದರು. ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಗೊತ್ತಾಗಿದ್ದರೂ ಹಾಡಿನ ಮಧ್ಯೆ ನಿಲ್ಲುವ ಜನವಲ್ಲ. ಹಿಂದೆ, ರಸ್ತೆಯ ಪಕ್ಕಕ್ಕೆ, ಕಬ್ಬಿನ ಟ್ರೈಲರು ನಿಂತಿತ್ತು. ಉದ್ದಕ್ಕೆ ಚಾಚಿಕೊಂಡಿದ್ದ ಕಬ್ಬಿನ ಬುಡಗಳಿಗೆ ಅವರ ತಲೆಯ ಹಿಂಭಾಗ ಬಡಿಯಿತು. ಬಿದ್ದರು. ಎದ್ದರು. ಟೋಪಿ ಕೊಡವಿ ಹಾಕಿಕೊಂಡರು.

“ಏನೂ ಆಗಿಲ್ಲ ಬುಡ್ರಲಾ. ಕಬ್ಬಲ್ವಾ, ಸಿಹಿಯಾಗೇ ಒಡ್ದದೆ” ಅಂತ ನಕ್ಕರಂತೆ.

ಛತ್ರದ ಬಾಗಿಲವರೆಗೆ ಪೂರ್ತಿ ನುಡಿಸಿದರು. ಊಟ ಮಾಡಿದರು. ಮಾರನೆಯ ದಿನ ಬೆಳಿಗ್ಗೆ ತಲೆನೋವು ಅಂದವರು ಮಾತು ತೊದಲಿದರು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ದಾರಿಯಲ್ಲೇ ಮುಗಿದುಹೋಯಿತು.

ಸುದ್ದಿ ಬಂದಾಗ ನಾನು ಯಾರದೋ ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ನಮ್ಮನೆಯವರು ಬಾಗಿಲಲ್ಲಿ ನಿಂತು ಹೇಳಿದರು. ಅಯ್ಯೋ ಅಂದೆ. ಆ ಅಯ್ಯೋ ಬಾಯಲ್ಲಿರುವಾಗಲೇ ಇನ್ನೊಂದು ಯೋಚನೆ ಬಂದು ಸೂಜಿ ಬೆರಳಿಗೆ ಚುಚ್ಚಿತು. ಮೊದಲನೇ ಕ್ಲಾರಿನೆಟ್ಟು ಹೋದರೆ ಮುಂದೆ ಯಾರು? ಎರಡನೆಯದು. ಅಂದರೆ ಇವರು.

ನನ್ನ ಭಯಕ್ಕೆ ಬೇರೆ ಕಾರಣವೂ ಇತ್ತು. ನಮ್ಮನೆಯವರಿಗೆ ಎಡಗಿವಿ ಕೇಳುವುದಿಲ್ಲ. ಮದುವೆಯಾದಾಗಿನಿಂದ ಅವರ ಎಡಕ್ಕೆ ಟ್ರಂಪೆಟ್ಟಿನವನು ನಿಂತು ಊದಿ ಊದಿ ಆ ಕಿವಿಯನ್ನು ತೂತುಮಾಡಿ ಇಟ್ಟಿದ್ದಾನೆ. ಎಡಗಡೆಯಿಂದ ಕಾಫಿ ಬೇಕಾ ಅಂದರೆ ಗೋಡೆ ನೋಡುತ್ತಾರೆ. ಇದು ಗೊತ್ತಿದ್ದದ್ದು ನನಗೆ ಮಾತ್ರ ಅಂತ ಇಬ್ಬರೂ ತಿಳಿದುಕೊಂಡಿದ್ದೆವು. ತಂಡದವರಿಗೆ ತಿಳಿದರೆ ಮೂಲೆಗೆ ಕೂರಿಸುತ್ತಾರೆ ಎಂಬ ಹೆದರಿಕೆ ಅವರಿಗೆ. ಎರಡು ಕಿವಿ ಇದ್ದವರಿಗೇ ಬೆನ್ನ ಹಿಂದೆ ಏನಿದೆ ಅಂತ ಗೊತ್ತಾಗಲಿಲ್ಲ, ಒಂದು ಕಿವಿಯವರಿಗೆ ಹಿಂದಿನಿಂದ ಬರುವ ಲಾರಿ ಹೇಗೆ ಕೇಳಿಸೀತು ಎಂಬ ಹೆದರಿಕೆ ನನಗೆ.

ಸ್ವಲ್ಪ ಹೊತ್ತಿಗೆ ದೊಡ್ಡ ಡ್ರಮ್ಮಿನವರು ಬಂದರು. ಕೈಯಲ್ಲಿ ಆ ಕೋಟು.

“ಅಕ್ಕ, ಇದ್ನ ಇವನ್ ಅಳ್ತೆಗ್ ಮಾಡ್ಕೊಡು. ಮದ್ಯಾನಕ್ಕೆ ಪೂರಿಗಾಲಿಲಿ ಎತ್ತದು. ಬೆನ್ ಕೊಡ್ಬೇಕು.”

“ಇವ್ರು ಕೊಡಕ್ಕಿಲ್ಲ.”

“ಇನ್ಯಾರಕ್ಕ ಕೊಡೋರು? ನಾನ್ ಡ್ರಮ್ ಒತ್ಕಂಡ್ ಇಂದಿಂದಕ್ ನಡ್ದ್ರೆ ಮೇಷ್ಟ್ರ್ ಜೊತ್ಗೆ ನನ್ನೂ ಮಣ್ಣಾಕ್ಬೇಕಾಯ್ತದೆ.”

ಜನರ ಮುಂದೆ ನಾನು ಗಂಡನನ್ನು ಅವರು ಇವರು ಅನ್ನುವವಳು. ಅವತ್ತು ಅದೂ ಬಿಟ್ಟುಹೋಯಿತು.

“ನೀನ್ ಬಾಯ್ ಬುಟ್ಟು ಏಳು. ಆಗಕ್ಕಿಲ್ಲ ಅಂತ ಏಳು.”

ನಮ್ಮನೆಯವರು ತಲೆ ತಗ್ಗಿಸಿದರು. “ನನ್ ಬಾಯ್ಗೆ ಪೀಪಿ ಇಟ್ಟು ಊದ್ಸಿದ್ದೇ ಅವ್ರು ಕಣಮ್ಮಿ. ದೊಡ್ ಮೇಷ್ಟ್ರನ್ನ ಅಂಗೇ ಕಳ್ಸಿದ್ದಾಯ್ತು. ಇವ್ರನ್ನೂ ಮೂಗುನ್ ತರ ಕಳ್ಸದಾ?”

“ನಿನ್ ಎಡ್ಗಿವಿ ಸತ್ತೋಗದೆ. ಹಿಂದಿಂದ ಯಮನೇ ಆರ್ನ್ ಒಡ್ಕಂಡ್ ಬಂದ್ರೂ ನಿಂಗ್ ಕೇಳಕ್ಕಿಲ್ಲ!”

ಅಂದುಬಿಟ್ಟೆ. ಅವರ ಮುಖ ಸುಟ್ಟ ಹಾಗಾಯಿತು. ಡ್ರಮ್ಮಿನವರು ಮಾತ್ರ ನನ್ನ ಸ್ಟೂಲು ಎಳೆದುಕೊಂಡು ಕೂತರು.

“ಅದ್ ಗೊತ್ತಿಲ್ವಾ ಅಕ್ಕ? ಎಡುಕ್ ನಿಂತ್ಕಂಡು ಬೋಳಿಮಗ್ನೆ ಅಂದ್ರೆ ಚೆನ್ನಾಗಿವ್ನಿ ಕಣಣ್ಣ ಅಂತಾನೆ. ಮೇಷ್ಟ್ರಿಗೂ ಗೊತ್ತಿತ್ತು. ಅದುಕ್ಕೇ ಇವ್ನಿಗ್ ಏಳೋದೆಲ್ಲಾನೂ ಬಲ್ಗಡೆಯಿಂದ್ಲೇ ಏಳ್ತಿದ್ರು.”

ನಮ್ಮನೆಯವರು ಅಳುವುದಕ್ಕೆ ಶುರು ಮಾಡಿದ್ದು ಆಗ.

ಗಂಡ ಅಳುವುದನ್ನು ನೋಡಿಕೊಂಡು ಬೇಡ ಅನ್ನಲು ನನ್ನ ಕೈಲಾಗಲಿಲ್ಲ. ಹ್ಞೂಂ ಅನ್ನಲೂ ಆಗಲಿಲ್ಲ. ಕೋಟನ್ನು ಮೇಜಿನ ಮೇಲೆ ಹಾಸಿದೆ. ಅದು ಹಿಂದಿನ ಸಂಜೆ ಅವರು ತೊಟ್ಟಿದ್ದ ಕೋಟು. ಕಂಕುಳಲ್ಲಿ ಬೆವರು ಒಣಗಿ ಬಿಳಿಯ ಗೆರೆ ಕಟ್ಟಿತ್ತು. ಕಾಲರಿನ ಒಳಗೆ ಕಬ್ಬಿನ ಸೋಗೆಯ ಒಂದು ಚೂರು ಸಿಕ್ಕಿಕೊಂಡಿತ್ತು. ರಕ್ತದ ಒಂದು ಹನಿಯೂ ಇಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಇಷ್ಟು ಚೆನ್ನಾಗಿರುವ ಕೋಟಿನೊಳಗಿಂದ ಮನುಷ್ಯ ಹೋಗಿಬಿಡಬಹುದಾ?

ನಾನೇ ಸೇರಿಸಿದ್ದ ಬೇರೆ ಕೆಂಪಿನ ಬಟ್ಟೆ ಬಿಚ್ಚಿದೆ. ಪಕ್ಕಗಳನ್ನು ಹಳೆಯ ಗುರುತಿಗೇ ತಂದೆ. ದೊಡ್ಡ ಮೇಷ್ಟ್ರ ಮೈಯೂ ನಮ್ಮನೆಯವರ ಮೈಯೂ ಒಂದೇ ಅಳತೆ ಅಂತ ಗೊತ್ತಾಗಿದ್ದು ಆಗಲೇ. ಮಿಷನ್ನು ತುಳಿಯುತ್ತಾ ಬೇಡದ್ದೆಲ್ಲ ಯೋಚನೆ. ಈ ಬಟ್ಟೆಯನ್ನು ಇನ್ನೊಂದು ಸಲ ಯಾರ ಅಳತೆಗೆ ಬಿಚ್ಚಬೇಕಾಗುತ್ತದೋ, ಯಾರು ಬಿಚ್ಚುತ್ತಾರೋ! ಕೊನೆಗೆ ಬೆನ್ನುಪಟ್ಟಿ ಎಳೆದು ನೋಡಿದೆ. ಗಟ್ಟಿಯಾಗಿಯೇ ಇತ್ತು. ಆದರೂ ಅದರ ಮೇಲೆ ಮತ್ತೊಂದು ಪಟ್ಟಿ ಇಟ್ಟು, ಸ್ಕೂಲ್ ಬ್ಯಾಗಿಗೆ ಹಾಕುವ ದಪ್ಪ ದಾರದಲ್ಲಿ ಹೊಲಿದೆ. ಸೂಜಿ ಮುರಿಯಿತು. ಇನ್ನೊಂದು ಹಾಕಿ ಹೊಲಿದೆ.

ಪೂರಿಗಾಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲೆಲ್ಲಿಂದಲೋ ಬ್ಯಾಂಡಿನವರು ಬಂದಿದ್ದರು, ನೀಲಿ ಕೋಟು, ಹಸಿರು ಕೋಟು. ಮುಹೂರ್ತಕ್ಕಾಗಿ ಕಿತ್ತಾಡುವ ತಂಡಗಳೆಲ್ಲ ಒಟ್ಟಿಗೆ ನಿಂತಿದ್ದವು. ಮೇಷ್ಟ್ರು ಊದಿದ ಮದುವೆಗಳ ಹೆಂಗಸರು ಮಕ್ಕಳನ್ನೆತ್ತಿಕೊಂಡು ಬಂದಿದ್ದರು. ಮೇಷ್ಟ್ರನ್ನು ಕೂರಿಸಿದ್ದರು. ಬಾಯಿಗೆ ಬಟ್ಟೆ ಕಟ್ಟಿದ್ದರು. ಊದುವ ಬಾಯಿ. ನಾನು ಬೇರೆ ಕಡೆ ತಿರುಗಿಕೊಂಡೆ.

ಎತ್ತುವ ಹೊತ್ತಿಗೆ ನಮ್ಮನೆಯವರು ಕೋಟು ತೊಟ್ಟು ಬಂದರು. ಚೆನ್ನಾಗಿ ಕಾಣುತ್ತಿದ್ದರು, ಸುಳ್ಳು ಯಾಕೆ ಹೇಳಲಿ. ಡ್ರಮ್ಮಿನವರು ಕೂಗಿದರು:

“ಪಟ್ಟಿ ಇಡಿಯೋನ್ ಎಲ್ಲೋದ್ನಲಾ?”

ಅವನು ಚಪ್ಪರದ ಕಂಬ ಹಿಡಿದು ನಿಂತಿದ್ದ. ಮದ್ದೂರಿನಲ್ಲಿ ಪಟ್ಟಿ ಬಿಟ್ಟವನು ಅವನೇ. ಗಡ್ಡಮೀಸೆ ಬಂದ ಆಳು, ಮಗುವಿನ ಹಾಗೆ ಬಿಕ್ಕುತ್ತಿದ್ದ.

“ನಾ ಮುಟ್ಟಕ್ಕಿಲ್ಲ ಕಣಣ್ಣ. ಈ ಕೈನ ಕಡ್ದಾಕ್ರಿ, ಮುಟ್ಟಕ್ಕಿಲ್ಲ.”

“ಬೇರೆ ಯಾರಾರ ಬನ್ರಲಾ!”

ಯಾರೂ ಬರಲಿಲ್ಲ. ನೀಲಿ ಕೋಟಿನವರು ಹಸಿರು ಕೋಟಿನವರನ್ನು ನೋಡಿದರು, ಅವರು ನೆಲ ನೋಡಿದರು. ಬೆನ್ನು ಕೊಡದೆ ತಗೊಂಡ ಕೋಟು ಎಂಬ ಮಾತು ಎಲ್ಲರಿಗೂ ಗೊತ್ತಿತ್ತು ಅನ್ನಿಸುತ್ತದೆ. ಡ್ರಮ್ಮಿನವರ ಹೆಗಲಲ್ಲಿ ಡ್ರಮ್ಮಿತ್ತು. ನಮ್ಮನೆಯವರು ಮೇಷ್ಟ್ರ ಕಡೆ ಮುಖ ಮಾಡಿ, ಬೆನ್ನನ್ನು ಬೀದಿಗೆ ಕೊಟ್ಟು ನಿಂತೇಬಿಟ್ಟಿದ್ದರು. ಹಿಂದೆ ಯಾರೂ ಇಲ್ಲ. ಆ ಖಾಲಿ ಪಟ್ಟಿ ನನಗೆ ಕಾಣುತ್ತಿತ್ತು. ನನ್ನ ಹೊಲಿಗೆಯೇ ಕಾಣುತ್ತಿತ್ತು.

ನಾನು ಹೋಗಿ ಹಿಡಿದುಕೊಂಡೆ.

ಮೇಷ್ಟ್ರ ಅಕ್ಕನೋ ಅತ್ತಿಗೆಯೋ, ಒಬ್ಬ ಮುದುಕಿ, ಅಳು ನಿಲ್ಲಿಸಿ ನನ್ನ ಮೇಲೆ ಹರಿಹಾಯ್ದಳು.

“ಏನಮ್ಮಿ, ಎಂಗುಸ್ರು ಎಣದ್ ಮುಂದ್ ಓದಾರಾ? ಸಾಸ್ತ್ರ ಬ್ಯಾಡ್ವಾ ನಿಂಗೆ?”

“ಸಾಸ್ತ್ರನೂ ಬೇಕು ಕಣಜ್ಜಿ, ಗಂಡ್ನೂ ಬೇಕು. ನೀನ್ ಇಡ್ಕತೀಯಾ? ಇಡ್ಕ ಬಾ, ನಾನ್ ಅತ್ಲಾಗೋಯ್ತೀನಿ.”

ಮುದುಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ “ಗಟ್ಟಿಯಾಗ್ ಇಡ್ಕ” ಅಂದಳು. ಅಷ್ಟೇ.

ನನ್ನ ಮುಖ ರಸ್ತೆಗೆ, ಅವರ ಮುಖ ಮೇಷ್ಟ್ರಿಗೆ. ಬೆನ್ನಿಗೆ ಬೆನ್ನು. ಹಾಡು ಶುರುವಾಗಿದ್ದು ನನಗೆ ಮೊದಲು ಕೇಳಿಸಲಿಲ್ಲ, ಕೈಗೆ ತಿಳಿಯಿತು. ಪಟ್ಟಿ ಬಿಗಿಯಿತು, ಉಸಿರು ತುಂಬಿಕೊಂಡಿತು. ಪಟ್ಟಿ ಸಡಿಲವಾಯಿತು, ಊದುತ್ತಿದ್ದಾರೆ. ಪೂರಿಗಾಲಿ ಮೇಷ್ಟ್ರು ಪ್ರತಿ ಮದುವೆಯಲ್ಲೂ ಮೊದಲು ಎತ್ತಿಕೊಳ್ಳುತ್ತಿದ್ದ ಹಾಡು ಅದು. ಇವರು ಅದನ್ನು ನಿಧಾನಕ್ಕೆ ಇಳಿಸಿ ನುಡಿಸಿದರು. ಹಿಂದೆ ಜನ ಗೊಳೋ ಅಂದದ್ದು ಕೇಳಿಸಿತು. ನನಗೆ ಅಳಲು ಪುರುಸೊತ್ತಿರಲಿಲ್ಲ. ಕಲ್ಲು, ಚರಂಡಿ ಚಪ್ಪಡಿ, ಮಲಗಿದ್ದ ನಾಯಿ. ಮನುಷ್ಯರು ನಡೆಯುವ ಒಂದು ಬೀದಿಯಲ್ಲಿ ಎಷ್ಟು ಸಾವು ಬಿದ್ದಿರುತ್ತವೆ ಅಂತ ಅವತ್ತು ನೋಡಿದೆ. ಕೆಳಕ್ಕೆ ಜಗ್ಗಿದೆ, ಕಾಲೆತ್ತಿದರು. ಪಕ್ಕಕ್ಕೆ ಎಳೆದೆ, ಸರಿದರು. ಇಷ್ಟು ವರ್ಷದ ಸಂಸಾರದಲ್ಲಿ ನಾನು ಎಳೆದ ಕಡೆಗೆ ಒಂದು ಮಾತಿಲ್ಲದೆ ಬಂದದ್ದು ಅದೇ ಮೊದಲು.

ಊರು ದಾಟಿ ಮೇಷ್ಟ್ರ ಹೊಲದ ದಾರಿಗೆ ತಿರುಗಿದೆವು. ಕಿರಿದಾದ ದಾರಿ. ಒಂದು ಪಕ್ಕ ನೀರಿನ ಕಾಲುವೆ, ಇನ್ನೊಂದು ಪಕ್ಕ ಕಬ್ಬಿನ ಗದ್ದೆ. ಆಗ ಎದುರಿಗೆ ಬಂತು. ಮೊದಲು ಸದ್ದು. ಈಗಿನ ಟ್ರ್ಯಾಕ್ಟರುಗಳಿಗೆ ಮನೆ ಬಾಗಿಲಿನಷ್ಟು ದೊಡ್ಡ ಸ್ಪೀಕರು ಕಟ್ಟಿರುತ್ತಾರಲ್ಲ, ಅಂಥದ್ದು. ಎದೆ ಗುದ್ದುವ ಸಿನಿಮಾ ಹಾಡು. ಆಮೇಲೆ ತಿರುವಿನಲ್ಲಿ ಕಬ್ಬು ತುಂಬಿದ ಟ್ರೈಲರು, ಅದರ ಹಿಂದೆ ಇನ್ನೊಂದು.

ಕಾಲು ನಿಂತುಹೋಯಿತು. ಎರಡೂ ಕೈಯಿಂದ ಅವರ ಬೆನ್ನಿಗೆ ಒತ್ತಿ ಹಿಡಿದೆ. ಅವರು ನಿಂತರು. ಹಾಡು ನಿಲ್ಲಿಸಲಿಲ್ಲ.

ಡ್ರೈವರು ನೋಡಿದ, ಎಂಜಿನ್ ಆರಿಸಿದ, ಸ್ಪೀಕರ್ ಆರಿಸಿದ. ಹಾರಿ ಇಳಿದು ಬಂದ. ತಲೆಯ ಟವೆಲ್ಲು ಕೈಗೆ ಬಂದಿತ್ತು.

“ಯಾರಕ್ಕ ಓದೋರು?”

“ಬ್ಯಾಂಡ್ ಮೇಷ್ಟ್ರು.”

“ಅಯ್ಯೋ ಸಿವ್ನೆ! ನನ್ ಮದ್ವೇಲಿ ನನ್ನ ಕುಣ್ಸಿದ್ರಲ್ಲಕ್ಕ!” ಎಂದವನು ಹಿಂದೆ ತಿರುಗಿ ಟ್ರೈಲರುಗಳನ್ನು ನೋಡಿದ. “ರಿವರ್ಸ್ ಆಗಕ್ಕಿಲ್ಲಕ್ಕ, ಎಲ್ಡವೆ. ಕಾಲ್ವೆಗ್ ಮಗುಚ್ಕತದೆ. ಪಕ್ಕದಲ್ಲೇ ಓಗ್ಬುಡಿ.”

ಪಕ್ಕ ಅಂದರೆ ಒಬ್ಬೊಬ್ಬರೇ ತೂರುವಷ್ಟು ಜಾಗ. ಟ್ರೈಲರಿನಲ್ಲಿ ಅಡ್ಡಡ್ಡ ಪೇರಿಸಿದ್ದ ಕಬ್ಬಿನ ಬುಡಗಳು ತಲೆಯ ಎತ್ತರಕ್ಕೆ ಹೊರಗೆ ಚಾಚಿಕೊಂಡಿದ್ದವು, ಕೊಯ್ದ ತುದಿ ಚೂಪಾಗಿ, ಹಸಿಯಾಗಿ. ಒಂದು ಉದ್ದ, ಒಂದು ಗಿಡ್ಡ. ಮುಂದೆ ನೋಡಿಕೊಂಡು ಹೋಗುವವರು ತಲೆ ತಗ್ಗಿಸಬಹುದು. ಹಿಂದಕ್ಕೆ ನಡೆಯುವವರು?

“ಇಲ್ಲೊಂದ್ ಸಲ ತಿರುಕ್ಕ” ಅಂದೆ, ಬಲಗಿವಿಯ ಹತ್ತಿರ ಹೋಗಿ. “ದಾಟ್ದ್ ಮ್ಯಾಲ್ ಮತ್ತೆ ಅತ್ಲಾಗ್ ತಿರುಕ್ಕಳಿವಂತೆ. ಮೇಷ್ಟ್ರು ಬೇಜಾರ್ ಮಾಡ್ಕಳಲ್ಲ.”

ಊದುತ್ತಲೇ ತಲೆ ಅಲ್ಲಾಡಿಸಿದರು. ಇಲ್ಲ.

ಒಂದು ಕೈಯಲ್ಲಿ ಪಟ್ಟಿ ಹಿಡಿದೆ. ಇನ್ನೊಂದು ಕೈಯನ್ನು ಎತ್ತಿ ಅವರ ತಲೆಯ ಹಿಂದೆ ಇಟ್ಟೆ, ಅಂಗೈ ತಲೆಗೆ, ಕೈಯ ಬೆನ್ನು ಕಬ್ಬಿಗೆ. ಈಗ ನಾನು ಪೂರ್ತಿ ಮುಂದಕ್ಕೂ ಇಲ್ಲ, ಪೂರ್ತಿ ಹಿಂದಕ್ಕೂ ಇಲ್ಲ, ಏಡಿಯ ಹಾಗೆ ಅಡ್ಡಡ್ಡ ಹೆಜ್ಜೆ. ಮೊದಲ ಟ್ರೈಲರು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕಬ್ಬಿನ ಬುಡ ನನ್ನ ಬೆರಳ ಗೆಣ್ಣುಗಳಿಗೆ ಬಡಿಯುತ್ತಿತ್ತು, ತರಚುತ್ತಿತ್ತು. ಪ್ರತಿ ಏಟಿಗೂ ಇದು ತಲೆಗೆ ಬೀಳಬೇಕಾಗಿದ್ದದ್ದು, ಇದು ತಲೆಗೆ ಬೀಳಬೇಕಾಗಿದ್ದದ್ದು ಅನ್ನಿಸಿ ಅಂಗೈಯನ್ನು ಇನ್ನಷ್ಟು ಒತ್ತುತ್ತಿದ್ದೆ. ಅವರ ಕೂದಲು ಬೆವರಿನಿಂದ ಒದ್ದೆಯಾಗಿತ್ತು. ಅವರೂ ಹೆದರಿದ್ದರು. ಅಂಗೈಯಲ್ಲಿ ತಲೆ ಸಣ್ಣಗೆ ನಡುಗುತ್ತಿತ್ತು. ಹಾಡು ಮಾತ್ರ ನಡುಗಲಿಲ್ಲ.

ಎರಡನೇ ಟ್ರೈಲರೂ ದಾಟಿತು. ನಮ್ಮ ಹಿಂದೆ ವಾದ್ಯದವರು ದಾಟಿದರು, ಮೇಷ್ಟ್ರೂ ದಾಟಿದರು. ಅವರನ್ನು ಹೊತ್ತವರು ಕಬ್ಬು ತಾಗದ ಹಾಗೆ ಬಗ್ಗಿ, ಕಾಲುವೆಯ ನೀರಿಗಿಳಿದು ದಾಟಿಸಿದರಂತೆ. ಡ್ರೈವರು ಕೊನೆಯವರೆಗೂ ಕೈಮುಗಿದು ನಿಂತಿದ್ದನಂತೆ. ನಾನು ನೋಡಲಿಲ್ಲ. ನನ್ನ ಕಣ್ಣು ಮುಂದಿನ ಕಲ್ಲಿನ ಮೇಲಿತ್ತು.

ಮಣ್ಣು ಮಾಡಿದ ಮೇಲೆ ಕಾಲುವೆಯಲ್ಲಿ ಕೈ ತೊಳೆದೆ. ಗೆಣ್ಣುಗಳೆಲ್ಲ ಸುಲಿದಿದ್ದವು. ನಮ್ಮನೆಯವರು ನನ್ನ ಕೈ ಹಿಡಿದು ನೋಡಿದರು.

“ನೋಯ್ತದಾ?”

“ಇಲ್ಲ, ತಣ್ಣಗದೆ. ಆ ಕೋಟ್ ತೆಗ್ದಿಡು, ಸಾಕು.”

“ಭಾನ್ವಾರ ಮದ್ದೂರಲ್ ಮದ್ವೆ ಅದೆ. ಮೇಷ್ಟ್ರು ಒಪ್ಕಂಡಿದ್ದದ್ದು.”

ಬೈದೆ. ಮನೆ ತಲುಪುವವರೆಗೂ ಬೈದೆ, ಎಡಗಿವಿಗೂ ಕೇಳುವ ಹಾಗೆ. ಭಾನುವಾರ ಒಳ್ಳೆಯ ಸೀರೆ ಉಟ್ಟು, ಕಾಲಿಗೆ ಮಗನ ಶೂ ಹಾಕಿಕೊಂಡು ಹೊರಟೆ.

ಆ ಮೆರವಣಿಗೆಯ ವಿಡಿಯೋವನ್ನು ಯಾರೋ ಹಾಕಿದ್ದಾರೆ. ಬ್ಯಾಂಡಿನವನಿಗೆ ಮೂಗುದಾರ ಹಾಕಿರುವ ಹೆಂಡತಿ ಅಂತ ಕೆಳಗೆ ಬರೆದು ನಕ್ಕಿದ್ದೀರಿ, ನೋಡಿದೆ. ನಗಿ. ನೀವು ನೋಡಿದ್ದು ಕೆಂಪು ಸೀರೆಯ ದಪ್ಪ ಹೆಂಗಸನ್ನು. ನಾನು ನೋಡುತ್ತಿದ್ದದ್ದು ರಸ್ತೆಯನ್ನು.

ಆ ರಸ್ತೆಯೇ ಅದು. ಪೂರಿಗಾಲಿ ಮೇಷ್ಟ್ರು ಬಿದ್ದದ್ದು ಅಲ್ಲೇ, ಜಾಗವನ್ನು ಡ್ರಮ್ಮಿನವರು ಮೊದಲೇ ನನಗೆ ತೋರಿಸಿದ್ದರು. ಮುಸ್ಸಂಜೆ, ಜನರೇಟರಿನ ದೀಪ, ಪಕ್ಕದಲ್ಲಿ ಸಾಲಾಗಿ ನಿಂತ ಕಬ್ಬಿನ ಟ್ರೈಲರುಗಳು. ಹೆಣ್ಣಿನ ಕಡೆಯವರು ಕುಣಿಯಲು ಬಾರಕ್ಕ ಅಂತ ನನ್ನನ್ನೂ ಎಳೆದರು. ನಾನು ನೋಡಿದ ನೋಟಕ್ಕೆ ಕೈ ಬಿಟ್ಟರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ನಮ್ಮನೆಯವರು ಬಾಯಿಂದ ಕ್ಲಾರಿನೆಟ್ ತೆಗೆದರು. ತಿರುಗಿ ನೋಡಲಿಲ್ಲ. ಪಟ್ಟಿಯೊಳಗೆ ಉಸಿರು ಹೆಚ್ಚುಕಡಿಮೆಯಾಗುತ್ತಿದ್ದದ್ದು ನನಗೆ ತಿಳಿಯುತ್ತಿತ್ತು.

“ಇಲ್ಲೇ ಅ‌ಲ್ವೇನಮ್ಮಿ, ಮೇಷ್ಟ್ರು ಬಿದ್ದದ್ದು?”

ಬಲಗಿವಿಯ ಕಡೆ ಸರಿದು ಹೇಳಿದೆ:

“ಅದ್ ಆಗ್ಲೇ ದಾಟಾಯ್ತು. ನೀನ್ ಊದು.”

ಪಟ್ಟಿ ಬಿಗಿಯಿತು, ಹಾಡು ಎದ್ದಿತು. ನಾನು ಇನ್ನೊಂದು ಕೈಯನ್ನೂ ಎತ್ತಿ ಅವರ ತಲೆಯ ಹಿಂದೆ ಇಟ್ಟುಕೊಂಡೆ. ಆ ಜಾಗ ಇನ್ನೂ ಮುಂದಿತ್ತು.